ಮೋಡ ನೋಡಿ ರಾಗಿ ಕೊಯ್ಸು, ಮಾದೇಶ

ಪ್ರೀತಿಯ ಮಾದೇಶ,

ಫೋನಿನಲ್ಲಿ ನಿನಗೆ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ತಾಳವಾಡಿಯ ಸಿಗ್ನಲ್ ಕಥೆ ನಿನಗೇ ಗೊತ್ತಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಹೊಲ ಇಟ್ಟುಕೊಂಡು ತಿರುಪ್ಪೂರು, ಕೊಯಮತ್ತೂರಿನಲ್ಲಿ ದುಡಿಯುವವರು ನಿನ್ನ ಹಾಗೆ ಬೇಕಾದಷ್ಟು ಜನ ಇದ್ದಾರೆ. ಅವರೂ ಓದಲಿ ಅಂತ ಎಲ್ಲರಿಗೂ ಕಾಣುವಂತೆ ಹಾಕಿದ್ದೇನೆ.

ನೀನು ಕೇಳಿದ್ದು ಇಷ್ಟು: "ದಿನಾ ಬೆಳಿಗ್ಗೆ ಮಂಜು ಕವಿದಿರುತ್ತೆ ಅಂತ ಅಪ್ಪ ಹೇಳ್ತಾರೆ. ರಾಗಿ ಕೊಯ್ಸೋದಾ, ಬೇಡ್ವಾ?" ಕೊಯ್ಸು. ಮಂಜಿಗೆ ಹೆದರಬೇಡ. ಹೆದರಬೇಕಾದದ್ದು ಮಂಜೂ ಇಲ್ಲದ, ಚಳಿಯೂ ಇಲ್ಲದ, ಮೂಡಗಾಳಿ ಬೀಸುವ ಬೆಳಗಿಗೆ.

ಕಾರಣ ಹೇಳುತ್ತೇನೆ. ರಾತ್ರಿ ಆಕಾಶದಲ್ಲಿ ಮೋಡ ಇಲ್ಲದಿದ್ದರೆ, ಹಗಲು ಕಾದ ನೆಲ ತನ್ನ ಶಾಖವನ್ನೆಲ್ಲ ಮೇಲಕ್ಕೆ ಬಿಟ್ಟುಕೊಡುತ್ತದೆ. ನೆಲ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣಗಾದಷ್ಟೂ ನೀರು ಆವಿಯಾಗಿಯೇ ಉಳಿಯುವುದು ಕಷ್ಟ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಜಾಗದಲ್ಲಿ 17 ಗ್ರಾಂ ತನಕ ಆವಿ ಇರಬಹುದು. 10 ಡಿಗ್ರಿಗೆ ಇಳಿದರೆ 9 ಗ್ರಾಂ ಚಿಲ್ಲರೆ ಅಷ್ಟೇ. ಮಿಕ್ಕಿದ್ದು ಹುಲ್ಲಿನ ಮೇಲೆ ಇಬ್ಬನಿ, ಗಾಳಿಯಲ್ಲಿ ಮಂಜು. ಅಂದರೆ ನೆಲದ ಮೇಲೇ ಕೂತ ಮೋಡ. ಮೇಲೆ ಮೋಡ ಇಲ್ಲದ್ದಕ್ಕೇ ಈ ಮಂಜು ಕಟ್ಟಿದ್ದು, ಹಾಗಾಗಿ ಹತ್ತು ಗಂಟೆ ಹೊತ್ತಿಗೆ ಚೆನ್ನಾಗಿ ಬಿಸಿಲು ಬರುತ್ತದೆ. ಮಂಜು ಮೇಲಕ್ಕೆ ಎದ್ದುಹೋಯಿತು ಅನ್ನುತ್ತೇವೆ. ನಿಂತು ನೋಡಿದರೆ ಅದು ಬುಡದಿಂದ ಕರಗುತ್ತಾ ಹೋಗುತ್ತದೆ. ನೆಲ ಮೊದಲು ಬಿಸಿಯಾಗುತ್ತದಲ್ಲ, ಅದಕ್ಕೆ. ಮೊದಲು ರಾಗಿ ಕೂಳೆ ಕಾಣುತ್ತದೆ, ಆಮೇಲೆ ಬೇಲಿ, ಕೊನೆಗೆ ಹುಣಸೆ ಮರದ ತುದಿ.

ನಿಮ್ಮಪ್ಪನಿಗೆ ಒಂದು ಕೆಲಸ ಹೇಳು. ಬೆಳಿಗ್ಗೆ ಎದ್ದ ಕೂಡಲೇ ಅಂಗಳದ ಬೈಕಿನ ಸೀಟು ಮುಟ್ಟಿ ನೋಡಲಿ. ಮರದಡಿ ಅಲ್ಲ, ಬಯಲಿನಲ್ಲಿ ನಿಂತ ಬೈಕು. ಮರ ಇದ್ದರೆ ಶಾಖ ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಇಬ್ಬನಿ ಬೀಳುವುದಿಲ್ಲ. ಸೀಟು ತೊಪ್ಪೆಯಾಗಿದ್ದರೆ ರಾತ್ರಿ ಆಕಾಶ ತೆರೆದಿತ್ತು ಅಂತ ಅರ್ಥ. ದಿನಾ ಒದ್ದೆಯಾಗಿರುತ್ತಿದ್ದ ಸೀಟು ಒಂದು ಬೆಳಿಗ್ಗೆ ಒಣಗಿದ್ದರೆ, ಚಳಿಯೂ ಕಡಿಮೆ ಅನ್ನಿಸಿದರೆ, ರಾತ್ರಿಯೇ ಮೋಡ ಬಂದಿರಬಹುದು. ಆವತ್ತು ಕುಡುಗೋಲು ಹಿಡಿಯೋದು ಬೇಡ, ಮೂಡಲ ಕಡೆ ನೋಡಲಿ.

ಮೋಡ ಹೇಗೆ ಹುಟ್ಟುತ್ತದೆ ಅಂತ ನೀನೇ ಕಣ್ಣಾರೆ ನೋಡಬಹುದು. ಬಣ್ಣಾರಿ ದಾಟಿ ಬಸ್ಸು ದಿಂಬಂ ಘಾಟಿ ಹತ್ತುವಾಗ ಕಿಟಕಿ ಪಕ್ಕ ಕೂತುಕೋ. 27 ತಿರುವು ಮುಗಿಯುವಷ್ಟರಲ್ಲಿ ಸಮುದ್ರ ಮಟ್ಟದಿಂದ ಸುಮಾರು 1100 ಮೀಟರ್ ಎತ್ತರದಲ್ಲಿ ಇರುತ್ತೀಯ. ಸತ್ಯಮಂಗಲದ ಬಯಲಿನ ಗಾಳಿಯೂ ಹೀಗೇ ಗುಡ್ಡಕ್ಕೆ ತಾಗಿ ಮೇಲೇರುತ್ತದೆ. ಮೇಲೆ ಹೋದಷ್ಟೂ ಒತ್ತಡ ಕಡಿಮೆ. ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದಕ್ಕೇ ತಣ್ಣಗಾಗುತ್ತದೆ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟಾಗ ಬೆರಳಿಗೆ ತಣ್ಣಗೆ ತಾಗುತ್ತದಲ್ಲ, ಹಾಗೆ. ನೂರು ಮೀಟರಿಗೆ ಹೆಚ್ಚುಕಮ್ಮಿ ಒಂದು ಡಿಗ್ರಿ. ಒಂದು ಎತ್ತರದಲ್ಲಿ ಆವಿ ನೀರಾಗಲೇಬೇಕಾಗುತ್ತದೆ. ಆದರೆ ಸುಮ್ನೆ ಬರೀ ಗಾಳಿಯಲ್ಲಿ ಹನಿ ಕಟ್ಟುವುದಿಲ್ಲ, ಕೂರಲು ಧೂಳೋ ಹೊಗೆಯೋ ಉಪ್ಪಿನ ಕಣವೋ ಬೇಕು. ಹಾಗೆ ಕಟ್ಟಿದ ಹನಿ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟು. ಅಂಥವು ಹತ್ತು ಲಕ್ಷ ಸೇರಿದರೆ ಒಂದು ಮಳೆಹನಿ. ಅದಕ್ಕೇ ಕೊನೆಯ ತಿರುವುಗಳಲ್ಲಿ ಬಸ್ಸು ಲೈಟ್ ಹಾಕಿಕೊಂಡು ಮೋಡದ ಒಳಗೇ ಹೋದರೂ ಮಳೆ ಬಂದಿರುವುದಿಲ್ಲ. ಹಾಸನೂರು ದಾಟಿ ತಾಳವಾಡಿ ಕಡೆ ಇಳಿದರೆ ಎಷ್ಟೋ ಸಲ ಬಿಸಿಲು. ನಮ್ಮ ಬಯಲು ದಿಂಬಂಗಿಂತ ತಗ್ಗು. ಇಳಿಯುವ ಗಾಳಿ ಮತ್ತೆ ಬಿಸಿಯಾಗಿ ಮೋಡ ಕರಗಿಹೋಗುತ್ತದೆ. ಘಾಟಿನಲ್ಲಿ ಮಂಜು ಕಂಡು ಊರಲ್ಲಿ ಮಳೆ ಅಂದುಕೊಳ್ಳಬೇಡ.

ಮಧ್ಯಾಹ್ನದ ಬಿಳಿ ಮೋಡಗಳೂ ಹೀಗೇ. ಬಿಸಿಲಿಗೆ ನೆಲ ಕಾದು ಗಾಳಿ ಎದ್ದು ಹುಟ್ಟಿದವು. ಅವುಗಳ ತಳ ನೋಡು, ಎಲ್ಲವೂ ಒಂದೇ ಮಟ್ಟದಲ್ಲಿ ಚಪ್ಪಟೆ. ಆವಿ ನೀರಾಗುವ ಎತ್ತರ ಅದೇ. ಇವಕ್ಕೆ ಕ್ಯುಮುಲಸ್ ಅಂತ ಹೆಸರು. 1802ರಲ್ಲಿ ಲಂಡನ್ನಿನಲ್ಲಿ ಔಷಧ ತಯಾರಿಸುತ್ತಿದ್ದ ಲ್ಯೂಕ್ ಹೋವರ್ಡ್ ಇಟ್ಟದ್ದು. ದಿನಾ ಬದಲಾಗುವ ಆಕಾಶವನ್ನು ಕೂತು ನೋಡಿ ಹೆಸರಿಟ್ಟ ಆ ಮನುಷ್ಯನ ಮೇಲೆ ನನಗೆ ತುಂಬಾ ಗೌರವ. ಡಿಸೆಂಬರ್ ಕೊನೆ, ಜನವರಿಯಲ್ಲಿ ಮೇಲಿನ ಗಾಳಿ ಒಣಗಿರುವುದರಿಂದ ಈ ಮೋಡಗಳು ಎತ್ತರಕ್ಕೆ ಬೆಳೆಯುವುದು ಅಪರೂಪ. ಸಂಜೆಗೆ ಕರಗುತ್ತವೆ.

ರಾಗಿ ಹಾಳುಮಾಡುವುದು ಬಂಗಾಳ ಕೊಲ್ಲಿಯಿಂದ ಬರುವ ಮೋಡ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಸೇರಿತು. ಅಲ್ಲಿಂದ ಒಳಗಿರುವ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ ಒಂದೇ ದಿನಕ್ಕೆ 50 ಸೆಂ.ಮೀ. ಮಳೆ ಸುರಿಯಿತು. ಕಡಲು ದೂರ, ನಮಗೇನು ಅನ್ನುವ ಹಾಗಿಲ್ಲ. ಇಂಥ ಮಳೆ ಬರುವ ಮುಂಚೆ ಎಷ್ಟೋ ಸಲ ಸೂಚನೆ ಇರುತ್ತದೆ. ತೀರಾ ಎತ್ತರದಲ್ಲಿ ತೆಳು ಮೋಡ ಹರಡಿ ಚಂದ್ರನ ಸುತ್ತ ದೊಡ್ಡ ಉಂಗುರ ಕಾಣುತ್ತದೆ. ಆ ಮೋಡದಲ್ಲಿ ಇರುವುದು ನೀರಲ್ಲ, ಮಂಜುಗಡ್ಡೆಯ ಹರಳು. ಉಂಗುರ ಕಂಡರೆ ನಮ್ಮಜ್ಜಿ ಸೌದೆ ಒಳಗೆ ಹಾಕಿಸುತ್ತಿದ್ದಳು. ಪ್ರತಿ ಸಲ ಮಳೆ ಬರುತ್ತದೆ ಅಂತಲ್ಲ, ಆದರೆ ಸೌದೆ ಒಳಗೆ ಹಾಕುವುದರಲ್ಲಿ ನಷ್ಟ ಏನಿದೆ? ಮರುದಿನ ಮೋಡ ದಪ್ಪವಾಗಿ ತಗ್ಗಿದರೆ ಮುಗೀತು. ಜಡಿ ಮಳೆ ಹಿಡಿದುಕೊಂಡರೆ ಅರಿ ಹಾಕಿದ ರಾಗಿ ನೆಲದಲ್ಲೇ ಮೊಳೆಯುತ್ತದೆ. ಹುಲ್ಲು ಕಪ್ಪಾಗುತ್ತದೆ, ದನ ಮೂಸಿಯೂ ನೋಡಲ್ಲ. ವರ್ಷದ ಮೇವು ಹೋಯಿತು ಅಂತ ನಿಮ್ಮವ್ವ ಎಷ್ಟು ಸಂಕಟಪಡುತ್ತಾರೆ ಅಂತ ನೀನು ಕಂಡಿದ್ದೀಯ. ಅದಕ್ಕೇ ಇಷ್ಟು ಉದ್ದಕ್ಕೆ ಬರೆದೆ.

ಹವಾಮಾನ ಇಲಾಖೆಯ ವೆಬ್‌ಸೈಟಿನಲ್ಲಿ ಇನ್ಸಾಟ್ ಉಪಗ್ರಹದ ಚಿತ್ರ ಬರುತ್ತದೆ, ತಿರುಪ್ಪೂರಿನಲ್ಲಿ ನೆಟ್‌ವರ್ಕ್ ಚೆನ್ನಾಗಿದೆಯಲ್ಲ, ದಿನಾ ರಾತ್ರಿ ಒಮ್ಮೆ ನೋಡು. ಕೊಲ್ಲಿಯಲ್ಲಿ ಮೋಡದ ಸುಳಿ ಕಂಡರೆ ನನಗೆ ಹೇಳು, ಆಳುಗಳಿಗೆ ಬರಬೇಡಿ ಅನ್ನುತ್ತೇನೆ. ಇಲ್ಲಿನ ಆಕಾಶ ನಾನು ನೋಡುತ್ತೇನೆ. ಕೊಲ್ಲಿ ಖಾಲಿ, ಇಲ್ಲಿ ಇಬ್ಬನಿ ಅಂದರೆ ಶುರು ಮಾಡೋಣ. ಅರಿ ಒಣಗಿದ ಕೂಡಲೇ ಕಂತೆ ಕಟ್ಟಿ ಮೆದೆ ಹಾಕಿಸೋಣ, ಹೊಲದಲ್ಲಿ ಬಿಡೋದು ಬೇಡ. ಹಗ್ಗ ನಮ್ಮನೆಯಲ್ಲಿದೆ. ಬರುವಾಗ ದೊಡ್ಡದೊಂದು ಟಾರ್ಪಾಲು ತಾ, ಇಲ್ಲಿ ಸಿಗುವುದು ತೆಳು.

ನಿನ್ನ ಗೆಳೆಯ,
ಸಿದ್ದು