ವಾರಾಂತ್ಯದ ಪುಟದಲ್ಲಿ ನಮ್ಮ ಬೀದಿಯ ಮರಗಳಿಗೂ ನಾಲ್ಕು ಸಾಲು ಇರಲಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಶನಿವಾರದ ಪುರವಣಿಯಲ್ಲಿ ಪ್ರವಾಸಕ್ಕೆಂದು ಮೀಸಲಾದ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಬೆಂಗಳೂರಿನಿಂದ ಇನ್ನೂರು, ಮುನ್ನೂರು ಕಿಲೋಮೀಟರ್ ದೂರದ ರೆಸಾರ್ಟ್, ಹೋಂಸ್ಟೇ, ಜಲಪಾತಗಳ ವಿವರ ಅಲ್ಲಿ ಧಾರಾಳವಾಗಿ ಸಿಗುತ್ತದೆ (ಫೆಬ್ರುವರಿ ಕಳೆದ ಮೇಲೆ ಜಲಪಾತಕ್ಕೆ ಹೋದವರು ಹೆಚ್ಚಿನ ಕಡೆ ಬಂಡೆ ನೋಡಿಕೊಂಡು ಬರುತ್ತಾರೆ ಎಂಬುದು ಬೇರೆ ಮಾತು). ಆದರೆ ಶಿವರಾತ್ರಿಯ ಆಸುಪಾಸಿನಿಂದ ಯುಗಾದಿಯವರೆಗಿನ ಈ ಕೆಲವೇ ವಾರಗಳಲ್ಲಿ ನಮ್ಮದೇ ಬಡಾವಣೆಗಳಲ್ಲಿ ಯಾವ ಮರ ಹೂ ಬಿಟ್ಟಿದೆ, ಯಾವುದು ಎಲೆ ಉದುರಿಸಿ ಚಿಗುರಲು ಸಿದ್ಧವಾಗಿದೆ, ಅದನ್ನು ನೋಡಲು ಬಸ್ಸನ್ನೋ ಮೆಟ್ರೊವನ್ನೋ ಎಲ್ಲಿ ಇಳಿಯಬೇಕು ಎಂಬುದರ ಬಗ್ಗೆ ಅಲ್ಲಿ ಒಂದು ಸಾಲೂ ಇರುವುದಿಲ್ಲ. ಈ ಅವಧಿಯಲ್ಲಾದರೂ ಆ ಪುಟದ ಒಂದು ಮೂಲೆಯಲ್ಲಿ ಅಂತಹ ಪುಟ್ಟ ವರದಿಯನ್ನು ವಾರವಾರವೂ ಪ್ರಕಟಿಸಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ಇದು ನಿವೃತ್ತನೊಬ್ಬನ ಖಯಾಲಿ ಎಂದು ತಮಗೆ ಅನಿಸಬಹುದು. ನಿವೃತ್ತರಿಗೆ ಎಲ್ಲ ದಿನವೂ ಭಾನುವಾರವೇ ಆದ್ದರಿಂದ ನನ್ನೊಬ್ಬನ ಅನುಕೂಲಕ್ಕಾಗಿ ನಾನು ಇದನ್ನು ಕೇಳಬೇಕಾಗಿಲ್ಲ. ಕೆಲಸಕ್ಕೆ ಹೋಗುವ ಮಗ ಮತ್ತು ಸೊಸೆ, ಶಾಲೆಗೆ ಹೋಗುವ ಮೊಮ್ಮಗಳು, ಇವರಿಗೆ ವಾರದಲ್ಲಿ ದೊರೆಯುವುದು ಎರಡೇ ದಿನ. ಆ ಎರಡು ದಿನಗಳನ್ನು ನಮ್ಮ ಮನೆ ಬಹುಕಾಲ ಕಾರಿನೊಳಗೇ ಕಳೆಯುತ್ತಿತ್ತು. ಅರವತ್ತು ಕಿಲೋಮೀಟರ್ ದೂರದ ನಂದಿಬೆಟ್ಟಕ್ಕೆ ಸೂರ್ಯೋದಯ ನೋಡಲೆಂದು ನಸುಕಿನಲ್ಲಿ ಹೊರಟು, ಬೆಟ್ಟದ ಬುಡದ ವಾಹನಗಳ ಸಾಲಿನಲ್ಲಿ ಕುಳಿತು, ಸೂರ್ಯ ಸಾಕಷ್ಟು ಮೇಲೇರಿದ ಮೇಲೆ ಅವನನ್ನು ಕಂಡು ಬರುವುದು ಬೆಂಗಳೂರಿನ ಅನೇಕ ಕುಟುಂಬಗಳಿಗೆ ಹೊಸ ಅನುಭವವೇನಲ್ಲ. ಕಳೆದ ವರ್ಷ ನನ್ನ ಪತ್ನಿಗೆ ಮಂಡಿ ನೋವು ಹೆಚ್ಚಾಗಿ ದೂರದ ಪ್ರಯಾಣ ಬೇಡವೆಂದಾದಾಗ, ಬೇರೆ ದಾರಿ ಕಾಣದೆ ನಾವು ಲಾಲ್‌ಬಾಗ್, ಕಬ್ಬನ್ ಪಾರ್ಕ್ ಮತ್ತು ಜಯನಗರದ ಒಳಬೀದಿಗಳಿಗೆ ಬೆಳಗಿನ ಹೊತ್ತು ಹೋಗತೊಡಗಿದೆವು. ಇದರಿಂದ ಮನೆಯಲ್ಲಿ ಆದ ಬದಲಾವಣೆ ದೊಡ್ಡದೇನಲ್ಲ. ಭಾನುವಾರ ರಾತ್ರಿಯ ಆಯಾಸ ಮತ್ತು ಸೋಮವಾರ ಬೆಳಗಿನ ಸಿಡುಕು ಕಡಿಮೆಯಾಗಿವೆ, ಹತ್ತು ಗಂಟೆಯ ಹೊತ್ತಿಗೆ ಮನೆಗೆ ಬಂದು ತಿಂಡಿ ತಿನ್ನುವುದರಿಂದ ಉಳಿದ ದಿನ ನಮ್ಮದಾಗಿರುತ್ತದೆ, ಮೊಮ್ಮಗಳು ಹೊಂಗೆಯನ್ನೂ ಬೇವನ್ನೂ ಎಲೆ ನೋಡಿಯೇ ಗುರುತಿಸುತ್ತಾಳೆ. ಮೊದಲು ‘ಇದೂ ಒಂದು ಪ್ರವಾಸವೇ?’ ಎಂದು ಮೂಗು ಮುರಿದಿದ್ದ ಮಗ ಈಗ ಶುಕ್ರವಾರವೇ ‘ಈ ವಾರ ಎಲ್ಲಿಗೆ’ ಎಂದು ಕೇಳುತ್ತಾನೆ. ಆ ಪ್ರಶ್ನೆಗೆ ಖಚಿತವಾದ ಉತ್ತರ ನನ್ನ ಬಳಿ ಇರುವುದಿಲ್ಲವಾದ್ದರಿಂದಲೇ ತಮ್ಮ ಪತ್ರಿಕೆಯ ನೆರವು ಕೇಳುತ್ತಿದ್ದೇನೆ.

ಬೆಂಗಳೂರಿನ ಮಟ್ಟಿಗೆ ಈ ಹೂಗಳು ತಾವಾಗಿಯೇ ಬಂದು ನೆಲೆಸಿದವಲ್ಲ. 1908ರಲ್ಲಿ ಇಲ್ಲಿಗೆ ಬಂದು ಲಾಲ್‌ಬಾಗ್‌ನ ಹೊಣೆ ಹೊತ್ತ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್ ಅವರು, ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ, ವರ್ಷವಿಡೀ ನಗರದ ಯಾವುದಾದರೊಂದು ರಸ್ತೆ ಬಣ್ಣದಿಂದ ಕೂಡಿರುವಂತೆ ಸಾಲುಮರಗಳನ್ನು ಆರಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ನಮ್ಮ ತಲೆಮಾರು ಇಂದು ಅನುಭವಿಸುತ್ತಿರುವ ನೆರಳಿನಲ್ಲಿ ಅವುಗಳ ಪಾಲು ದೊಡ್ಡದು. ಅಮೆರಿಕ ಖಂಡದ ಉಷ್ಣ ಸೀಮೆಯಿಂದ ಬಂದ ಟಬೂಬಿಯಾ ಎಲೆಯನ್ನೆಲ್ಲ ಕಳಚಿ ಗುಲಾಬಿ ಮತ್ತು ಹಳದಿ ಬಣ್ಣದಲ್ಲಿ ನಿಂತಾಗ ಎಲ್ಲರ ಕ್ಯಾಮೆರಾಗಳೂ ಅತ್ತ ತಿರುಗುತ್ತವೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದೇ ವಾರಗಳಲ್ಲಿ ಕೆಂಪು ಬೂರುಗದ ಮೇಲೆ ಮೈನಾ, ಕಾಗೆ, ಅಳಿಲುಗಳು ಮಕರಂದಕ್ಕಾಗಿ ನಡೆಸುವ ಗದ್ದಲವನ್ನು, ನಗರದ ಹೊರಗಿನ ಕುರುಚಲು ಕಾಡುಗಳಲ್ಲಿ ಕೆಂಡದ ಬಣ್ಣಕ್ಕೆ ತಿರುಗಿದ ಮುತ್ತುಗವನ್ನು, ಸ್ವಲ್ಪ ಕಾಲ ಬೋಳಾಗಿದ್ದು ಮತ್ತೆ ಎಣ್ಣೆ ಹಚ್ಚಿದಂತೆ ಹೊಳೆಯುವ ಎಳೆಯ ಎಲೆಗಳನ್ನು ಹೊದ್ದ ಹೊಂಗೆಯನ್ನು ನೋಡುವವರು ವಿರಳ. ಜನವರಿಯಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಲಾಲ್‌ಬಾಗ್‌ನ ಗಾಜಿನ ಮನೆಯ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಪ್ರದರ್ಶನ ಮುಗಿದು ಕುಂಡಗಳನ್ನು ಎತ್ತಿದ ಮೇಲೆ, 240 ಎಕರೆಯ ಆ ತೋಟದ ಮರಗಳು ತಾವೇ ಹೂ ತಳೆಯುವ ಹೊತ್ತಿಗೆ, ನಡಿಗೆಯ ಹಿರಿಯರನ್ನು ಬಿಟ್ಟರೆ ಅಲ್ಲಿ ನಿಧಾನವಾಗಿ ನಿಂತು ನೋಡುವವರು ಕಡಿಮೆ. ಈ ಸುದ್ದಿಯನ್ನು ಯಾರೂ ಜನರಿಗೆ ಮುಟ್ಟಿಸಿಲ್ಲ ಎಂಬುದೇ ಇದಕ್ಕೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ವರ್ಷಕ್ಕೊಮ್ಮೆ ಒಂದು ಪಟ್ಟಿಯನ್ನು ಪ್ರಕಟಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಯುಗಾದಿಯನ್ನೇ ನೋಡಿ: 2021ರಲ್ಲಿ ಏಪ್ರಿಲ್ 13ರಂದು ಬಂದ ಹಬ್ಬ 2026ರಲ್ಲಿ ಮಾರ್ಚ್ 19ಕ್ಕೇ ಬರುತ್ತದೆ, ಆದರೆ ಬೇವಿನ ಮರಕ್ಕೆ ಪಂಚಾಂಗದ ಹಂಗಿಲ್ಲ. ಅದು ಬಿಸಿಲು, ಮಣ್ಣಿನ ತೇವ, ಹಿಂದಿನ ಮಳೆಗಾಲ ಇವುಗಳಿಗೆ ಅನುಗುಣವಾಗಿ ಹೂ ಬಿಡುತ್ತದೆ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಂತೂ ಹೂಮಳೆ (ಮೊಗ್ಗು ಅರಳಿಸುವ ಬೇಸಿಗೆಯ ಮಳೆ) ಬಿದ್ದ ಎಂಟು, ಹತ್ತು ದಿನಕ್ಕೆ ಅರಳುವ ಹೂ ಮೂರು, ನಾಲ್ಕು ದಿನಗಳಲ್ಲಿ ಬಾಡಿಹೋಗುತ್ತದೆ; ಅದನ್ನು ಕಾಣಬೇಕೆನ್ನುವವನಿಗೆ ಕಳೆದ ವರ್ಷದ ದಿನಾಂಕದಿಂದ ಏನೂ ಪ್ರಯೋಜನವಿಲ್ಲ, ಕಳೆದ ವಾರ ಎಲ್ಲಿ ಮಳೆಯಾಯಿತು ಎಂಬುದು ತಿಳಿಯಬೇಕು. ಜಪಾನಿನಲ್ಲಿ ಹವಾಮಾನ ಇಲಾಖೆಯವರೇ ಗೊತ್ತುಪಡಿಸಿದ ಚೆರ‍್ರಿ ಮರವನ್ನು ಪರೀಕ್ಷಿಸಿ, ಐದಾರು ಹೂ ಅರಳಿದ ದಿನ ಋತು ಆರಂಭವಾಯಿತೆಂದು ಘೋಷಿಸುತ್ತಾರೆ, ಪತ್ರಿಕೆಗಳು ಅದನ್ನು ಪ್ರಮುಖವಾಗಿ ಪ್ರಕಟಿಸುತ್ತವೆ. ನಮ್ಮಲ್ಲಿ ಸರ್ಕಾರ ಆ ಕೆಲಸವನ್ನು ಮಾಡಲಿ ಎಂದು ನಾನು ಕೇಳುತ್ತಿಲ್ಲ. ಪೇಟೆಯ ಧಾರಣೆಯನ್ನೂ ಜಲಾಶಯದ ಮಟ್ಟವನ್ನೂ ದಿನವೂ ಕೊಡುವ ಪತ್ರಿಕೆಗೆ ಇದು ಭಾರವಾಗದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು, ಅದನ್ನು ನಾನೇ ಎತ್ತುವುದು ಒಳ್ಳೆಯದು. ಒಂದು ಬೀದಿಯ ಹೆಸರು ಅಚ್ಚಾದರೆ ಮುಂದಿನ ಭಾನುವಾರ ಅಲ್ಲಿ ನೂರಾರು ಮೊಬೈಲುಗಳು ಹಾಜರಾಗುತ್ತವೆ, ರೀಲ್ಸ್‌ಗಾಗಿ ಕೊಂಬೆ ಅಲುಗಿಸಿ ಹೂ ಉದುರಿಸುವವರೂ, ಮನೆಗಳ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸುವವರೂ ಬರುತ್ತಾರೆ, ಅಲ್ಲಿನ ನಿವಾಸಿಗಳ ವಾರಾಂತ್ಯ ಹಾಳಾಗುತ್ತದೆ. ಆದ್ದರಿಂದ ಒಂದು ಮರದ ದೊಡ್ಡ ಚಿತ್ರ ಮತ್ತು ವಿಳಾಸ ಕೊಡುವ ಪದ್ಧತಿ ಬೇಡವೇ ಬೇಡ. ಬಡಾವಣೆಯ ಮಟ್ಟದಲ್ಲಿ, ನಗರದ ನಾಲ್ಕು ದಿಕ್ಕುಗಳಿಗೂ ಹಂಚಿಹೋಗುವಂತೆ ಹತ್ತಾರು ಕಡೆಯ ಮಾಹಿತಿ ಕೊಟ್ಟರೆ ಜನ ಒಂದೇ ಕಡೆ ಮುಗಿಬೀಳುವುದಿಲ್ಲ. ಯಲಹಂಕದವರು ಯಲಹಂಕದಲ್ಲೇ, ವಿಜಯನಗರದವರು ವಿಜಯನಗರದಲ್ಲೇ ನೋಡಿ ಸಂತೋಷಪಡುವಷ್ಟು ಮರಗಳು ಇನ್ನೂ ಉಳಿದಿವೆ. ಕಾರು ನಿಲ್ಲಿಸುವ ತಾಣದ ಬದಲು ಬಸ್ ನಿಲ್ದಾಣ, ಮೆಟ್ರೊ ನಿಲ್ದಾಣದ ಹೆಸರನ್ನೇ ಕೊಡುವುದು ಒಳ್ಳೆಯದು. ಕಬ್ಬನ್ ಪಾರ್ಕ್‌ನೊಳಗೆ ಭಾನುವಾರ ವಾಹನ ಸಂಚಾರವೇ ಇಲ್ಲವಾದ್ದರಿಂದ ಚಿಕ್ಕ ಮಕ್ಕಳಿರುವ ಮನೆಯವರಿಗೆ ಅದನ್ನು ಧೈರ್ಯವಾಗಿ ಸೂಚಿಸಬಹುದು.

ವರದಿಗಾರರನ್ನು ಇದಕ್ಕಾಗಿ ಅಲೆಸಬೇಕಾಗಿಯೂ ಇಲ್ಲ. 2010ರಲ್ಲಿ ಆರಂಭವಾದ ‘ಸೀಸನ್‌ವಾಚ್’ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳೂ ನಾಗರಿಕರೂ ತಾವು ಆರಿಸಿಕೊಂಡ ಮರವನ್ನು ವಾರವಾರವೂ ನೋಡಿ ಎಲೆ, ಹೂ, ಕಾಯಿಗಳ ಸ್ಥಿತಿಯನ್ನು ದಾಖಲಿಸುತ್ತಾರೆ. ಈ ಕೆಲಸದಲ್ಲಿ ಕೇರಳದ ಶಾಲೆಗಳು ಬಹಳ ಮುಂದಿವೆ. ನಿಮ್ಮ ಓದುಗರಲ್ಲಿ ಬೆಳಗಿನ ನಡಿಗೆಯವರು, ಶಿಕ್ಷಕರು, ಹಾಲು ಮತ್ತು ಪತ್ರಿಕೆ ಹಂಚುವವರು ಎಷ್ಟು ಮಂದಿ ಇಲ್ಲ! ಗುರುವಾರದೊಳಗೆ ಬಡಾವಣೆಯ ಹೆಸರು, ಮರದ ಹೆಸರು, ‘ಮೊಗ್ಗು’, ‘ಅರಳಿದೆ’, ‘ಉದುರುತ್ತಿದೆ’ ಎಂಬ ಮೂರರಲ್ಲಿ ಒಂದು ಮಾತನ್ನು ಬರೆದು ಕಳಿಸುವಂತೆ ಅವರನ್ನು ಕೇಳಿದರೆ ಶನಿವಾರದ ಪುಟಕ್ಕೆ ಬೇಕಾದುದೆಲ್ಲ ಬಂದು ಸೇರುತ್ತದೆ. ಮೈಸೂರು, ಶಿವಮೊಗ್ಗ, ಧಾರವಾಡದ ಆವೃತ್ತಿಗಳಲ್ಲಿಯೂ ಆಯಾ ಊರಿನವರೇ ಇದನ್ನು ನಡೆಸಬಹುದು. ಮರಗಳ ಕನ್ನಡ ಹೆಸರುಗಳನ್ನೇ ಬಳಸಬೇಕೆಂದೂ, ಹೆಸರು ತಿಳಿಯದಿದ್ದರೆ ತೊಗಟೆ ಮತ್ತು ಎಲೆಯ ವರ್ಣನೆ ಸಾಕೆಂದೂ ಸೂಚಿಸಿದರೆ ಹಿಂಜರಿಯುವವರೂ ಬರೆದಾರು.

ಈ ವರ್ಷದ ಹೊಂಗೆ ಇನ್ನೂ ಹೂ ಬಿಟ್ಟಿಲ್ಲವಾದ್ದರಿಂದ ಈಗ ಆರಂಭಿಸಿದರೂ ತಡವಾಗಲಿಲ್ಲ. ತಾವು ಒಪ್ಪುವುದಾದರೆ ಜಯನಗರದ ವರದಿಯನ್ನು ಪ್ರತಿ ವಾರ ಕಳಿಸಿಕೊಡುವ ಹೊಣೆಯನ್ನು ನಾನೂ ನನ್ನ ಪತ್ನಿಯೂ ವಹಿಸಿಕೊಳ್ಳುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಹಳೆಯ ಓದುಗ, ಜಯನಗರ, ಬೆಂಗಳೂರು