ಶೋಕದ ದಿನಗಳಲ್ಲಿ ಮಲ್ಲಿಗೆ ಕಟ್ಟುವುದು ತಪ್ಪಲ್ಲ

ಮಾನ್ಯರೇ,

2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ, 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದಾಗ, ಸತ್ತವರ ಗುರುತು ಪರಿಚಯವಿಲ್ಲದವರೂ ಕಣ್ಣೀರಿಟ್ಟರು. ಅಂಥ ಹೊತ್ತಿನಲ್ಲಿ ಹಾಡು ಕೇಳಿದರೆ, ಹೂ ಮುಡಿದರೆ ಅಗೌರವವಾದೀತೆಂಬ ಅಳುಕು ಹಲವರಿಗಿದೆ. ಸಾವಿನ ಮನೆಯ ಮುಂದೆ ರಂಗೋಲಿ ಇಡದ ರೂಢಿಯಲ್ಲಿ ಬೆಳೆದ ನಮಗೆ ಇದು ಸಹಜವೇ. ಆದರೆ ಮನೆಯ ಸೂತಕ ಇಂಥ ದಿನ ಮುಗಿಯುತ್ತದೆ; ಟಿ.ವಿ., ಮೊಬೈಲ್ ಪರದೆಯ ಮೇಲಿನದು ಮುಗಿಯುವುದೇ ಇಲ್ಲ.

2013ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಟದ ವೇಳೆ ನಡೆದ ಬಾಂಬ್ ಸ್ಫೋಟದ ನಂತರದ ಅಧ್ಯಯನವೊಂದರಲ್ಲಿ, ದಿನಕ್ಕೆ ಆರು ತಾಸು ಅಥವಾ ಹೆಚ್ಚು ಹೊತ್ತು ಆ ಸುದ್ದಿಯಲ್ಲೇ ಮುಳುಗಿದ್ದವರಲ್ಲಿ, ಸ್ಥಳದಲ್ಲಿದ್ದವರಿಗಿಂತಲೂ ಹೆಚ್ಚು ಒತ್ತಡದ ಲಕ್ಷಣಗಳು ಕಂಡಿದ್ದವು. ಹಾಗಾಗಿ ಮೊದಲು ದೃಶ್ಯಗಳನ್ನು ತಡೆಯಬೇಕು. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಫೋಟೊ, ವಿಡಿಯೊ ತಾನಾಗಿಯೇ ಇಳಿಯುವುದನ್ನು ನಿಲ್ಲಿಸಿ. ಸುದ್ದಿಯನ್ನು ದಿನಕ್ಕೆರಡು ಸಲ, ಹದಿನೈದು ನಿಮಿಷ, ಆದಷ್ಟೂ ಓದಿ ತಿಳಿಯಿರಿ. ಪುಟ್ಟ ಮಕ್ಕಳಿರುವ ಮನೆಯಲ್ಲಂತೂ ಟಿ.ವಿ. ಆರಿಸಲೇಬೇಕು, ಅದೇ ದೃಶ್ಯ ಮತ್ತೆ ಬಂದರೆ ದುರಂತ ಮತ್ತೆ ನಡೆಯಿತೆಂದೇ ಅವು ತಿಳಿಯುತ್ತವೆ.

ಹಾಗೆ ತೆರವಾದ ಹೊತ್ತಿಗೆ ಕೈಗೆ ಕೆಲಸ ಬೇಕು. ಸುಮ್ಮನೆ ಕೂತರೆ ಕಂಡದ್ದೇ ಕಣ್ಣಮುಂದೆ ಬರುತ್ತದೆ. ಹೂ ಕಟ್ಟುವುದು ಇದಕ್ಕೆ ಹೇಳಿ ಮಾಡಿಸಿದ್ದು: ಕಣ್ಣು, ಬೆರಳು, ಮೂಗು ಮೂರಕ್ಕೂ ಅಲ್ಲೇ ಕೆಲಸ. ಸಂಜೆ ಅರಳಲಿರುವ ಮಲ್ಲಿಗೆ ಮೊಗ್ಗು ಒಂದು ಬೊಗಸೆ ಸಾಕು. ಬಾಳೆನಾರನ್ನು ನೀರಲ್ಲಿ ನೆನೆಸಿಕೊಳ್ಳಿ, ಒಣಗಿದ್ದರೆ ಗಂಟು ಬಿಗಿಯುವಾಗಲೇ ಹರಿಯುತ್ತದೆ. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ತೊಟ್ಟುಗಳು ನಡುವೆ ಸೇರುವಂತಿಟ್ಟು ಕುಣಿಕೆ ಹಾಕಿ. ತುಂಬಾ ಬಿಗಿದರೆ ತೊಟ್ಟು ಕತ್ತರಿಸುತ್ತದೆ, ಸಡಿಲ ಬಿಟ್ಟರೆ ಮೊಗ್ಗು ಜಾರುತ್ತದೆ. ಈ ಹದ ನೋಡಿಕೊಳ್ಳುವುದರಲ್ಲೇ ಮನಸ್ಸು ಒಂದೆಡೆ ನಿಲ್ಲುತ್ತದೆ. ಮುಡಿಯಲು ಮನಸ್ಸಿಲ್ಲದಿದ್ದರೆ ಅಗಲಿದವರ ಹೆಸರಿನಲ್ಲಿ ದೀಪದ ಬಳಿ ಇಡಬಹುದು.

ಹೂ ಕಟ್ಟುವುದರ ಜೊತೆಗೆ ಉಸಿರಾಟದ ಅಭ್ಯಾಸವನ್ನೂ ಮಾಡಬಹುದು: ನಾಲ್ಕು ಎಣಿಸುತ್ತ ಉಸಿರು ಒಳಕ್ಕೆ, ಆರು ಎಣಿಸುತ್ತ ಹೊರಕ್ಕೆ, ಐದು ನಿಮಿಷ. ಜೋರಾಗಿ ಬೇಗಬೇಗ ಎಳೆದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ. ಕಣ್ಣು ಮುಚ್ಚಿದೊಡನೆ ಆ ದೃಶ್ಯಗಳೇ ಬರುವವರು ಕಣ್ಣು ತೆರೆದು ಎಲೆಯನ್ನೋ ಹೂವನ್ನೋ ನೋಡುತ್ತ ಮಾಡಲಿ.

ಇದ್ಯಾವುದೂ ಚಿಕಿತ್ಸೆಯ ಬದಲಿಯಲ್ಲ. ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಕೆಲಸಕ್ಕೆ ಕೈ ಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಸಾಯುವ ಯೋಚನೆ ಸುಳಿದರೆ ಒಂದು ದಿನವೂ ಕಾಯಬೇಡಿ. ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಉಚಿತ. ದುರಂತದ ವರದಿ ಇರುವ ಪುಟದಲ್ಲೇ ಈ ಸಂಖ್ಯೆಯನ್ನೂ ದಪ್ಪ ಅಕ್ಷರದಲ್ಲಿ ಅಚ್ಚು ಮಾಡಬೇಕೆಂದು ಪತ್ರಿಕೆಯನ್ನು ಕೋರುತ್ತೇವೆ.

– ಆಪ್ತ ಸಮಾಲೋಚಕರು, ಬೆಂಗಳೂರು