ಮಂಡಗದ್ದೆಯ ಬಳಿ ದಾರಿ ಬಿಡಿಸಿಕೊಟ್ಟ ಹಿರಿಯರಿಗೆ

ಕಳೆದ ಮೇ ತಿಂಗಳ ಗಾಳಿಮಳೆಯ ಸಂಜೆ, ತೀರ್ಥಹಳ್ಳಿ–ಶಿವಮೊಗ್ಗ ರಸ್ತೆಯಲ್ಲಿ ಮಂಡಗದ್ದೆಯ ಬಳಿ ಅಡ್ಡಬಿದ್ದಿದ್ದ ಅಕೇಶಿಯಾ ಮರವನ್ನು ಕೊಯ್ದು ನಮ್ಮ ಕಾರಿಗೆ ದಾರಿ ಮಾಡಿಕೊಟ್ಟು, ನಾವು ಹೆಸರು ಕೇಳುವ ಮೊದಲೇ ಹೊರಟುಹೋದ ಹಿರಿಯರೇ, ಈ ಬರಹ ತಮಗಾಗಿ.

ಅಂದು ಮಧ್ಯಾಹ್ನ ನಮ್ಮ ಮನೆಯ ನಾಯಿ ಕೆಂಚಿಗೆ ತೋಟದ ಅಂಚಿನಲ್ಲಿ ಕೊಳಕುಮಂಡಲ ಕಚ್ಚಿತ್ತು. ಈ ಹಾವಿನ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುವುದರಿಂದ ಗಾಯ ಜಿನುಗುತ್ತಲೇ ಇತ್ತು, ಮೂತಿ ಊದಿಕೊಂಡಿತ್ತು. ಪ್ರತಿವಿಷದ ಚುಚ್ಚುಮದ್ದಿಗೆ ಶಿವಮೊಗ್ಗಕ್ಕೇ ಹೋಗಬೇಕಿತ್ತು. ಅಷ್ಟರಲ್ಲಿ ಗಾಳಿ ಕೊಟ್ಟಿಗೆಯ ಶೀಟುಗಳನ್ನು ಹಾರಿಸಿ, ಫಸಲು ಕೊಡುತ್ತಿದ್ದ ಅಡಿಕೆ ಮರಗಳನ್ನು ನಡುವಿಗೇ ಮುರಿದು ಕೆಡವಿತ್ತು. ಅದನ್ನು ತಿರುಗಿ ನೋಡುವ ವ್ಯವಧಾನವೂ ನಮಗಿರಲಿಲ್ಲ.

ತಾವು ಜೀಪಿನಿಂದ ಮರ ಕೊಯ್ಯುವ ಯಂತ್ರ ಇಳಿಸಿದಿರಿ. ಕೊಂಬೆಗಳ ನಡುವೆ ಕರೆಂಟಿನ ತಂತಿ ಸಿಕ್ಕಿಕೊಂಡಿಲ್ಲವೆಂದು ಟಾರ್ಚ್ ಹಿಡಿದು ಎರಡೆರಡು ಬಾರಿ ನೋಡಿ, ಆಮೇಲೆ ಸುರಿಯುವ ಮಳೆಯಲ್ಲೇ ಕೊಯ್ಯತೊಡಗಿದಿರಿ. ಹಿಂದಿನ ಸೀಟಿನಲ್ಲಿ ಕೆಂಚಿಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ನನ್ನ ತಾಯಿಯವರಿಗೆ, "ಹೆದರಬೇಡಿ ಅಮ್ಮಾ, ಹತ್ತು ನಿಮಿಷ" ಎಂದಿರಿ. ತಮ್ಮ ತೋಳಿಗೆ ಮೆತ್ತಿಕೊಂಡಿದ್ದ ಒದ್ದೆ ಮರದ ಪುಡಿ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಕೆಂಚಿ ಉಳಿದಳು. ಮೂರು ದಿನ ಡ್ರಿಪ್ ಹಾಕಿಸಿಕೊಂಡು, ನಾಲ್ಕನೆಯ ದಿನ ಗಂಜಿ ನೆಕ್ಕಿದಳು. ಕೊಟ್ಟಿಗೆಗೆ ಹೊಸ ಶೀಟು ಹೊದಿಸಿಯಾಗಿದೆ, ಅಡಿಕೆಗೆ ಇನ್ನೂ ಕೆಲವು ವರ್ಷ ಬೇಕು. ತಮಗೆ ನಮ್ಮ ಮನೆಮಂದಿಯೆಲ್ಲರ ಹೃತ್ಪೂರ್ವಕ ನಮಸ್ಕಾರಗಳು. ಇದು ತಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ಒಮ್ಮೆ ಮನೆಗೆ ಬನ್ನಿ. ತಾಯಿಯವರು ದಿನವೂ ತಮ್ಮನ್ನು ನೆನೆಯುತ್ತಾರೆ.